ನಮ್ಮಲ್ಲಿ ಅದು ಇಲ್ಲ

ಗಡಿಯಾರ ರಿಪೇರಿಯ ಅಜ್ಜ ಪ್ರಾರ್ಥನೆಯ ನಡುವೆ ಸಾಯುವ ಬದಲು ಮನೆಗೆ ಹೋಗಿ ತನ್ನ ಮಂಚದ ಮೇಲೆ ಸತ್ತಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಸತ್ತವರ ಬಗ್ಗೆ ಹೀಗೆ ಮಾತಾಡಬಾರದು, ಗೊತ್ತು. ಆದರೆ ನನ್ನ ಸಿಟ್ಟನ್ನು ಬದುಕಿರುವವರ ಮೇಲೆ ತೀರಿಸಿಕೊಳ್ಳುವಂತಿಲ್ಲ. ಅವರೆಲ್ಲ ನನ್ನ ಜೊತೆ ನಗುನಗುತ್ತಲೇ ಮಾತಾಡುತ್ತಾರೆ.

ಅಂದು ಬೆಳಗಿನ ಪ್ರಾರ್ಥನೆಗೆ ಮಂದಿರ ತುಂಬಿತ್ತು. ನಮ್ಮ ಪ್ರಾರ್ಥನಾ ಮಂದಿರದಲ್ಲಿ ಇಂಥವರು ಮುಂದೆ, ಇಂಥವರು ಹಿಂದೆ ಎಂಬುದಿಲ್ಲ. ಮೊದಲು ಬಂದವರಿಗೆ ಮೊದಲ ಸಾಲು. ನನ್ನ ಗಂಡ ಹಳೆಯ ದೇವರನ್ನು ಬಿಟ್ಟು ಈ ದೇವರಿಗೆ ಒಲಿದದ್ದೇ ಆ ಒಂದು ಸಾಲಿಗಾಗಿ. ಗೋಡೆಗೆ ಬಣ್ಣ ಬಳಿಯುವ ಇವರು ಬೇಕರಿ ಯಜಮಾನರ ಪಕ್ಕದಲ್ಲಿ, ಮೊಣಕೈಗೆ ಮೊಣಕೈ ತಾಗಿಸಿ ಕೂರುತ್ತಿದ್ದರು. ಮನೆಗೆ ಬಂದ ಮೇಲೆ ಆ ಮೊಣಕೈಯನ್ನು ಸವರಿಕೊಳ್ಳುತ್ತಿದ್ದುದನ್ನು ನಾನು ನೋಡಿದ್ದೇನೆ. "ಅದಕ್ಕೊಂದು ಚೌಕಟ್ಟು ಹಾಕಿಸಿ ಗೋಡೆಗೆ ನೇತು ಹಾಕ್ಲಾ?" ಎಂದು ರೇಗಿಸುತ್ತಿದ್ದೆ. ಇವರು ನಗುತ್ತಿದ್ದರು.

ಹಿರಿಯರು, ಎಂದರೆ ಮಂದಿರದಲ್ಲಿ ಪ್ರಾರ್ಥನೆ ನಡೆಸುವವರು, ಕಣ್ಣು ಮುಚ್ಚಲು ಹೇಳಿದ್ದರು. ಎಲ್ಲರೂ ಮುಚ್ಚಿದ್ದೆವು. ದಬ್ಬೆಂದು ಸದ್ದಾಯಿತು. ಕಣ್ಣು ಬಿಟ್ಟರೆ ಗಡಿಯಾರದ ಅಜ್ಜ ನೆಲದ ಮೇಲೆ ಅಂಗಾತ ಬಿದ್ದಿದ್ದ. ನೀರು ತನ್ನಿ ಎಂದರು ಒಬ್ಬರು, ಗಾಳಿ ಬಿಡಿ ಎಂದರು ಇನ್ನೊಬ್ಬರು. ಡಾಕ್ಟರ ಮನೆ ಪಕ್ಕದ ಬೀದಿಯಲ್ಲೇ ಇತ್ತು. ಅವರು ಬಂದು ನಾಡಿ ಹಿಡಿದು, ಎದೆಗೆ ಕಿವಿಗೊಟ್ಟು, ತಲೆಯಾಡಿಸಿ ಹೋದರು. ಆಮೇಲೆ ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಅಜ್ಜನ ಬಾಯಿ ತೆರೆದಿತ್ತು, ಕಣ್ಣು ತೆರೆದಿತ್ತು, ಒಂದು ಕಾಲು ಮಡಚಿಕೊಂಡಿತ್ತು.

ಆಗ ಇವರು ಎದ್ದರು. ಬೇಡ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಇವರು ಅಜ್ಜನ ತಲೆಯ ಬಳಿ ಕೂತಾಗಿತ್ತು. ಹೆಬ್ಬೆರಳು ಮತ್ತು ತೋರುಬೆರಳಿನಿಂದ ಎರಡೂ ರೆಪ್ಪೆಗಳನ್ನು ಕೆಳಗೆಳೆದು ಮುಚ್ಚಿ ಹಿಡಿದರು. ಜೇಬಿನ ಕರ್ಚೀಫನ್ನು ಒಂದೇ ಕೈಯಲ್ಲಿ ಉದ್ದಕ್ಕೆ ಮಡಚಿ, ಗಲ್ಲದ ಕೆಳಗಿಂದ ತಂದು, ನೆತ್ತಿಯ ಮೇಲೆ ಗಂಟು ಹಾಕಿದರು. ಮಡಚಿದ ಕಾಲಿನ ಮಂಡಿಯನ್ನು ನೀವಿ ನೇರ ಮಾಡಿದರು. ಯಾರೋ ಕೊಟ್ಟ ದಾರದಿಂದ ಕಾಲಿನ ಎರಡೂ ಹೆಬ್ಬೆರಳು ಜೋಡಿಸಿ ಕಟ್ಟಿದರು. ನಾನು ಅಂಗಿಗೆ ಗುಂಡಿ ಹೊಲಿಯುವಾಗ ಕೈ ನೋಡಿಕೊಳ್ಳುವುದಿಲ್ಲವಲ್ಲ, ಹಾಗೆ. ಇವರು ಯೋಚಿಸಿ ಮಾಡಲಿಲ್ಲ. ಒಬ್ಬ ಮುದುಕನನ್ನು ಹಾಗೆ ಬಾಯಿ ಬಿಟ್ಟುಕೊಂಡು ಬಿದ್ದಿರಲು ಬಿಡುವುದು ಇವರಿಗೆ ಆಗಲಿಲ್ಲ, ಅಷ್ಟೇ.

ಬೇಕರಿ ಯಜಮಾನರು ತುಂಬ ನಿಧಾನವಾಗಿ, "ಇದನ್ನೆಲ್ಲ ಎಲ್ಲಿ ಕಲಿತ್ರಿ?" ಎಂದು ಕೇಳಿದರು.

ಇವರು ತಲೆ ಎತ್ತಿ ನೋಡಿದರು. ಸುಳ್ಳು ಹೇಳಬಹುದಿತ್ತು. ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದೆ ಎನ್ನಬಹುದಿತ್ತು. ಈ ಮನುಷ್ಯನಿಗೆ ಸುಳ್ಳು ಹೇಳಲು ಬರುವುದಿಲ್ಲ, ಅದೊಂದು ದೊಡ್ಡ ರೋಗ. "ನಮ್ಮಪ್ಪ ಕಲಿಸಿದ್ದು," ಎಂದರು.

ಅಷ್ಟು ಸಾಕಾಯಿತು. ನಾವು ಬಿಟ್ಟುಬಂದ ಊರು ಇಲ್ಲಿಂದ ತೀರ ದೂರವೇನಲ್ಲ. ಅಪ್ಪ ಮಗನಿಗೆ, ತಾಯಿ ಮಗಳಿಗೆ ಹೆಣ ತೊಳೆಯುವುದನ್ನು ಕಲಿಸುವ ಜಾತಿ ಯಾವುದೆಂದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದಿದ್ದವಳು ಒಬ್ಬಳೇ, ನನ್ನ ಮಗಳು. ಅವಳು ಹೆಂಗಸರ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದಳು. ಊರಿನವರ ಜೊತೆ ಅವಳಿಗೂ ಅಂದೇ ಗೊತ್ತಾಯಿತು.

ಅವಳಿಗಾಗಿಯೇ ಊರು ಬಿಟ್ಟಿದ್ದು, ಅವಳಿಗಾಗಿಯೇ ದೇವರನ್ನು ಬಿಟ್ಟಿದ್ದು. ನನ್ನಮ್ಮ ನನ್ನನ್ನು ಮೊದಲ ಸಲ ಈ ಕೆಲಸಕ್ಕೆ ಕರೆದೊಯ್ದಾಗ ನಾನಿನ್ನೂ ಲಂಗ ಹಾಕುತ್ತಿದ್ದೆ. ಸತ್ತಿದ್ದು ನನ್ನ ವಯಸ್ಸಿನವಳೇ. ಅವಳ ಜಡೆ ಬಿಚ್ಚಿ ತಲೆ ತೊಳೆಯಲು ಅಮ್ಮ ನನಗೆ ಹೇಳಿದಳು. ಬೆರಳಿಗೆ ಸುತ್ತಿಕೊಂಡ ಆ ಕೂದಲನ್ನು ನನಗೆ ಈಗಲೂ ಬಿಡಿಸಿಕೊಳ್ಳಲಾಗಿಲ್ಲ. ನನಗೆ ಮಗಳು ಹುಟ್ಟಿದ ದಿನ ಇವಳ ಕೈಗೆ ಇದನ್ನು ಮುಟ್ಟಿಸುವುದಿಲ್ಲ ಎಂದು ಆಣೆ ಮಾಡಿದೆ. ಯಾವ ದೇವರ ಮೇಲೆ ಎಂದು ನೆನಪಿಲ್ಲ. ಬಹುಶಃ ಹಳೆಯವನ ಮೇಲೆಯೇ.

ಮಗಳ ಕೈಗೆ ಸಿಕ್ಕಿದ್ದು ಹಿಟ್ಟು. ಬೇಕರಿ ಯಜಮಾನರ ತಾಯಿ, ನಾವೆಲ್ಲ ಬೇಕರಿ ಅಜ್ಜಿ ಎನ್ನುತ್ತಿದ್ದವರು, ಇವಳನ್ನು ಪಾತ್ರೆ ತೊಳೆಯಲು ಕರೆದು ನಾದುವ ಮೇಜಿನ ಕೆಲಸಕ್ಕೆ ಹಚ್ಚಿದ್ದರು. ನಾದಿದ ಹಿಟ್ಟನ್ನು ಬೆರಳಿನಿಂದ ಒತ್ತಿ, ಅದು ಎಷ್ಟು ಹೊತ್ತಿಗೆ ಮೇಲೆ ಬರುತ್ತದೆ ಎಂದು ನೋಡುವುದನ್ನು ಕಲಿಸಿದ್ದರು. "ನಿನ್ನ ಮಗಳ ಕೈ ಹೇಳಿದ ಮಾತು ಹಿಟ್ಟು ಕೇಳುತ್ತೆ ಕಣೇ, ನನ್ನ ಸೊಸೆಯಂದಿರು ನಾನು ಹೇಳಿದ ಮಾತೇ ಕೇಳ್ಲಿಲ್ಲ," ಎಂದು ಅಜ್ಜಿ ಹೇಳಿದಾಗ ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ. ಭಟ್ಟಿಯ ಮುಂದೆ ನಿಂತು ಕೆಂಪಾದ ಮುಖ, ಮೊಣಕೈವರೆಗೆ ಹಿಟ್ಟು, ಮೈಯೆಲ್ಲ ಬ್ರೆಡ್ಡಿನ ವಾಸನೆ. ಮಗಳು ಮನೆಗೆ ಬಂದರೆ ಮನೆಯೇ ಹಸಿಯುತ್ತಿತ್ತು. ಇನ್ನು ಸ್ವಲ್ಪ ದಿನಕ್ಕೆ ಇಡೀ ಮೇಜನ್ನು ಅವಳಿಗೇ ಒಪ್ಪಿಸುತ್ತೇನೆ ಎಂದು ಯಜಮಾನರು ಹೇಳಿದ್ದರು.

ಗಡಿಯಾರದ ಅಜ್ಜನ ಮಣ್ಣು ಮುಗಿದ ಮರುದಿನ ಮಗಳು ಕೆಲಸಕ್ಕೆ ಹೋದಳು. ನಾನು ಮಧ್ಯಾಹ್ನ ಗುಂಡಿ ಹೊಲಿಯುವ ಕೆಲಸದಿಂದ ಬರುವಷ್ಟರಲ್ಲಿ ಅವಳು ಮನೆಯಲ್ಲಿದ್ದಳು. ಮೈಯಲ್ಲಿ ಬ್ರೆಡ್ಡಿನ ವಾಸನೆ ಇರಲಿಲ್ಲ.

"ಸ್ವಲ್ಪ ದಿನ ಬರಬೇಡ ಅಂದ್ರು," ಎಂದಳು. "ಯಜಮಾನ್ರು ಬೈಲಿಲ್ಲ. ಚೆನ್ನಾಗೇ ಮಾತಾಡ್ಸಿದ್ರು."

"ಅಜ್ಜಿ?"

"ಅಜ್ಜಿ ಕಿಟಕಿ ಕಡೆ ತಿರುಗಿ ಕೂತಿದ್ರು. ಈ ಕಡೆ ನೋಡ್ಲಿಲ್ಲ." ಕೈ ಮುಂದೆ ಚಾಚಿ ಕೇಳಿದಳು, "ಅಮ್ಮ, ನಾನು ಯಾವತ್ತೂ ಮುಟ್ಟೇ ಇಲ್ವಲ್ಲ. ಆದ್ರೂ ನನ್ನ ಕೈಯೂ ಅದೇ ಕೈಯಾ?"

ಸೀದಾ ಬೇಕರಿಗೆ ಹೋದೆ. ಇವರು ಬಣ್ಣದ ಕೈಯಲ್ಲೇ ನನ್ನ ಹಿಂದೆ ಓಡಿಬಂದರು.

ಯಜಮಾನರು ಕುರ್ಚಿ ಹಾಕಿಸಿದರು. ಕುಡಿಯಲು ನೀರು ಕೊಟ್ಟರು, ತಮ್ಮ ಲೋಟದಲ್ಲೇ. "ನಾನು ಹಾಗೆಲ್ಲ ನೋಡೋನಲ್ಲ," ಎಂದರು. "ನಿಮ್ಮ ಜೊತೆ ಕೂತು ಊಟ ಮಾಡಿದೀನಿ, ನಾಳೆಯೂ ಮಾಡ್ತೀನಿ. ಆದ್ರೆ ಗಿರಾಕಿಗಳು ಹಿಟ್ಟು ನಾದೋದು ಯಾರು ಅಂತ ಕೇಳ್ತಾರೆ. ನಾನೇನು ಮಾಡ್ಲಿ ಹೇಳಿ."

"ಯಾರು ಕೇಳ್ತಾರೆ?" ಎಂದೆ. "ನಮ್ಮ ಮಂದಿರದೋರೇ ತಾನೆ?"

ಯಜಮಾನರು ಇವರ ಭುಜದ ಮೇಲೆ ಕೈಯಿಟ್ಟರು. ಕೈಯಿಟ್ಟದ್ದಕ್ಕೆ ಇವರ ಕಣ್ಣಲ್ಲಿ ನೀರು ಬಂತು. ನನಗೆ ಮೈ ಉರಿದುಹೋಯಿತು. ಈ ಜನಕ್ಕೆ ಮುಟ್ಟುವುದು ಕಷ್ಟವಲ್ಲ. ಭುಜ ಮುಟ್ಟುತ್ತಾರೆ, ಕೈ ಕುಲುಕುತ್ತಾರೆ, ಒಂದೇ ಲೋಟದಲ್ಲಿ ನೀರು ಕುಡಿಯುತ್ತಾರೆ. ನಾವು ಮುಟ್ಟಿದ ಹಿಟ್ಟು ಮಾತ್ರ ಅವರ ಗಂಟಲಿನಲ್ಲಿ ಇಳಿಯುವುದಿಲ್ಲ.

ಅಲ್ಲಿಂದ ಹಿರಿಯರ ಬಳಿ ಹೋದೆವು. ಅವರು ಪುಸ್ತಕ ಮುಚ್ಚಿಟ್ಟು, ನಾನು ಹೇಳಿದ್ದನ್ನೆಲ್ಲ ಪೂರ್ತಿ ಕೇಳಿದರು. ಒಳ್ಳೆಯವರೇ. ಇಡೀ ಕಥೆಯಲ್ಲಿ ನನಗೊಬ್ಬ ಕೆಟ್ಟವನು ಸಿಕ್ಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಅಮ್ಮ, ನಮ್ಮಲ್ಲಿ ಅದು ಇಲ್ಲ," ಎಂದರು. "ಜಾತಿ ಇದ್ದಿದ್ದು ನೀವು ಬಿಟ್ಟು ಬಂದ ಕಡೆ. ಇಲ್ಲಿ ದೇವರ ಮುಂದೆ ಎಲ್ಲಾ ಒಂದೇ."

"ಹಾಗಾದ್ರೆ ನನ್ನ ಮಗಳನ್ನ ಯಾಕೆ ಕೆಲಸದಿಂದ ತೆಗೆದ್ರು?"

"ಅದು ವ್ಯಾಪಾರದ ಮಾತು. ಧರ್ಮಕ್ಕೂ ಅದಕ್ಕೂ ಸಂಬಂಧ ಇಲ್ಲ."

"ನೀವೊಂದು ಮಾತು ಹೇಳಿದ್ರೆ ಸಾಕು. ಮುಂದಿನ ಪ್ರಾರ್ಥನೇಲಿ, ಎಲ್ಲರ ಎದುರಿಗೆ, ಜಾತಿ ನೋಡೋದು ತಪ್ಪು ಅಂತ ಹೇಳಿ. ನಿಮ್ಮ ಮಾತು ಯಾರೂ ಮೀರಲ್ಲ."

ಹಿರಿಯರು ನಿಜವಾಗಿಯೂ ಯೋಚಿಸಿದರು. ಹಣೆ ಉಜ್ಜಿಕೊಂಡರು. "ತಪ್ಪು ಅಂದ್ರೆ, ಇದೆ ಅಂತ ಆಗುತ್ತಲ್ಲಮ್ಮ. ಇಲ್ಲದೇ ಇರೋದನ್ನ ಇದೆ ಅಂತ ನಾನು ಮಂದಿರದಲ್ಲಿ ನಿಂತು ಹೇಳ್ಲಾ?"

ನಮ್ಮ ಹಳೆಯ ಊರಿನಲ್ಲಿ ಜಗಳವಾಡಲು ಒಂದು ಗೋಡೆಯಾದರೂ ಇತ್ತು. ನೀವು ಇಂಥವರು, ಇಲ್ಲಿಗೆ ಬರಬೇಡಿ ಎಂದು ಮುಖದ ಮೇಲೆ ಹೇಳುತ್ತಿದ್ದರು, ನಾವು ಬೆನ್ನ ಹಿಂದೆ ಶಾಪ ಹಾಕುತ್ತಿದ್ದೆವು. ಇಲ್ಲಿ ಗೋಡೆಯೇ ಇಲ್ಲ ಎನ್ನುತ್ತಾರೆ, ನನ್ನ ಮಗಳ ಹಣೆ ಮಾತ್ರ ಒಡೆದಿದೆ.

ವಾಪಸ್ ಹೋಗಿಬಿಡೋಣ ಎಂದು ಇವರಿಗೆ ಹೇಳಿದವಳು ನಾನೇ. ದಿಕ್ಕು ತೋಚದಿದ್ದಾಗ ಮನುಷ್ಯ ಬಿಟ್ಟುಬಂದ ದಿಕ್ಕಿಗೇ ಓಡುತ್ತಾನಲ್ಲ. ಮಗಳನ್ನು ಮನೆಯಲ್ಲಿ ಬಿಟ್ಟು, ಬಸ್ಸು ಹತ್ತಿ ಇವರ ಅಣ್ಣನ ಮನೆಗೆ ಹೋದೆವು. ಭಾವ ಹಳೆಯ ದೇವರನ್ನೂ ಬಿಟ್ಟಿಲ್ಲ, ಹಳೆಯ ಕೆಲಸವನ್ನೂ ಬಿಟ್ಟಿಲ್ಲ. ಹಿತ್ತಲಿನ ತಂತಿಯ ಮೇಲೆ ಒದ್ದೆ ಬಟ್ಟೆಗಳು, ಸಾಬೂನಿನ ವಾಸನೆ, ಕಮಟು ಹಿಡಿದ ಬಕೆಟ್ಟುಗಳು. ಎಲ್ಲವೂ ಹಾಗೆಯೇ ಇತ್ತು. ನಾನು ಹೊಸ್ತಿಲಲ್ಲೇ ಮೂಗು ಮುಚ್ಚಿಕೊಂಡದ್ದನ್ನು ಭಾವ ನೋಡಿದರು.

ಎಲ್ಲವನ್ನೂ ಕೇಳಿ ತಮ್ಮನಿಗೆ ಹೇಳಿದರು, "ನೀನು ಲೆಕ್ಕ ತಪ್ಪಿದ್ದು ಎಲ್ಲಿ ಗೊತ್ತಾ? ಈ ಕೆಲಸವನ್ನ ನಮ್ಮ ತಲೆ ಮೇಲೆ ಹಾಕಿದ್ದು ದೇವರು ಅಂದ್ಕೊಂಡೆ. ಅದಕ್ಕೆ ದೇವರನ್ನ ಬದಲಾಯಿಸಿದೆ. ಹಾಕಿದ್ದು ಬೀದಿ ಜನ ಕಣೋ. ದೇವರ ಹೆಸರು ಹೇಳಿದ್ರು, ಅಷ್ಟೆ. ಬೀದಿ ಜನ ಎಲ್ಲಾ ಕಡೆ ಇರ್ತಾರೆ."

"ನಾವು ಇಲ್ಲಿಗೇ ಬಂದುಬಿಡ್ತೀವಿ ಅಣ್ಣ," ಎಂದರು ಇವರು.

ಭಾವ ತಮ್ಮನ ಕೈ ಹಿಡಿದುಕೊಂಡರು. "ಬಾ ಅನ್ನೋಕೆ ನನಗೆ ಆಸೆ ಇಲ್ವಾ? ಆದ್ರೆ ನಮ್ಮವರು ಒಪ್ಪಲ್ಲ. ನೀನು ದೇವರನ್ನ ಬಿಟ್ಟೋನು. ನಮ್ಮ ಜಾತಿಯೋನು ಹೌದು ಅಂತಾರೆ, ನಮ್ಮ ಧರ್ಮದೋನು ಅಲ್ಲ ಅಂತಾರೆ. ಮೊನ್ನೆ ನಮ್ಮ ಚಿಕ್ಕಪ್ಪನ ಮಗ ನಿನ್ನ ಹಾಗೇ ದೇವರನ್ನ ಬಿಟ್ಟು ಹೋಗಿದ್ದೋನು ವಾಪಸ್ ಬಂದಿದ್ದ. ಒಬ್ಬರೂ ಒಳಗೆ ಕರೀಲಿಲ್ಲ."

ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ. ಬಸ್ಸಿನಲ್ಲಿ ಬರುವಾಗ ಇವರು ಕಿಟಕಿಯ ಸರಳಿಗೆ ಹಣೆ ಒತ್ತಿಕೊಂಡು ಅಳುತ್ತಿದ್ದರು. ನಾನು ಅಳಲಿಲ್ಲ. ನನಗೆ ಅಳುವಿಗಿಂತ ಹೆಚ್ಚಾಗಿ ಭಯವಾಗಿತ್ತು. ಮಗಳಿಗೆ ಏನೆಂದು ಹೇಳುವುದು?

ಅವಳು ಮನೆಯಲ್ಲಿ ಹಿಟ್ಟು ನಾದಲು ಶುರುಮಾಡಿದ್ದಳು. ನಾದುತ್ತಿದ್ದಳು, ಒತ್ತುತ್ತಿದ್ದಳು, ಮತ್ತೆ ನಾದುತ್ತಿದ್ದಳು. ಭಟ್ಟಿ ಇಲ್ಲದ ಮನೆಯಲ್ಲಿ ಅದನ್ನು ಏನು ಮಾಡುವುದು? ಸಂಜೆಗೆ ಹುಳಿಯಾದ ಹಿಟ್ಟನ್ನು ನಾನೇ ಹೊರಗೆ ಚೆಲ್ಲುತ್ತಿದ್ದೆ. ಊಟ ಕಡಿಮೆ ಮಾಡಿದಳು. ಮಾತು ಕಡಿಮೆ ಮಾಡಿದಳು. ತನ್ನ ಕೈಯನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಾ ಕೂರುತ್ತಿದ್ದಳು. ಬೇರೆ ಬೇಕರಿಗಳಲ್ಲಿ ವಿಚಾರಿಸಿದೆವು. ನಮಗಿಂತ ಮೊದಲೇ ನಮ್ಮ ಸುದ್ದಿ ಅಲ್ಲಿಗೆ ಹೋಗಿ ಕೂತಿತ್ತು. ಈ ಹುಡುಗಿ ಏನಾದರೂ ಮಾಡಿಕೊಂಡಾಳು ಎಂದು ಹೆದರಿ ನಾನು ಕೆಲಸಕ್ಕೆ ಹೋಗುವುದನ್ನೇ ಬಿಟ್ಟು ಮನೆಯಲ್ಲಿ ಕಾವಲು ಕೂತೆ.

ಹೀಗಿರುವಾಗ ಬೇಕರಿ ಅಜ್ಜಿ ತೀರಿಹೋದರು. ಬೆಳಿಗ್ಗೆಯೇ ಹಿರಿಯರೂ ಯಜಮಾನರೂ ನಮ್ಮ ಬಾಗಿಲಿಗೆ ಬಂದರು. ಯಜಮಾನರ ಕಣ್ಣು ಊದಿಕೊಂಡಿತ್ತು.

"ಅಮ್ಮನಿಗೆ ಸ್ನಾನ ಮಾಡಿಸ್ಬೇಕು," ಎಂದರು ನನ್ನನ್ನು ನೋಡಿ. "ಹೆಂಗಸ್ರೇ ಆಗ್ಬೇಕು. ನಮ್ಮನೇಲಿ ಯಾರಿಗೂ ಕೈ ಬರ್ತಿಲ್ಲ."

ಇದನ್ನು ನೀವು ಗಮನಿಸಬೇಕು. ಅಲ್ಲಿಯವರೆಗೆ ಮಂದಿರದಲ್ಲಿ ಯಾರು ಸತ್ತರೂ ಅವರವರ ಮನೆಯವರೇ ತೊಳೆಯುತ್ತಿದ್ದರು. ಮಗಳು ತಾಯಿಗೆ, ಸೊಸೆ ಅತ್ತೆಗೆ. ಒರಟೊರಟಾಗಿ, ಅಳುತ್ತಾ, ಆದರೂ ತಾವೇ. ನಾವು ಇದ್ದೇವೆಂದು ಗೊತ್ತಾದ ಕೂಡಲೇ ಯಾರಿಗೂ ಕೈ ಬಾರದೆ ಹೋಯಿತು.

"ನಾನು ಬರಲ್ಲ," ಎಂದೆ.

"ಇದು ಸೇವೆ ಅಮ್ಮ," ಎಂದರು ಹಿರಿಯರು. "ಯಾರೂ ಕೀಳಾಗಿ ನೋಡಲ್ಲ."

ಯಜಮಾನರು ನನ್ನ ಮಗಳ ಕಡೆ ತಿರುಗಿದರು. ಅವಳು ಒಳಬಾಗಿಲಲ್ಲಿ ನಿಂತಿದ್ದಳು. "ಅಮ್ಮ ನಿನ್ನ ಮೇಲೆ ಜೀವ ಇಟ್ಕೊಂಡಿದ್ರು. ಈ ಕೆಲಸ ಒಂದು ಆಗ್ಲಿ, ಮೇಜಿನ ವಿಷಯ ನಾನು ನೋಡ್ಕೋತೀನಿ. ಮಾತು ಕೊಡ್ತೀನಿ."

ಅವರು ಹೊರಗೆ ಕಾದರು. ಒಳಗೆ ನಾವು ಮೂವರೂ ಪಿಸುಮಾತಿನಲ್ಲಿ ಕಿತ್ತಾಡಿದೆವು. ಮಗಳಿಗೆ ಕೆಲಸ ಮರಳಿ ಸಿಗುವುದಾದರೆ ನಾನೊಬ್ಬಳೇ ಹೋಗುತ್ತೇನೆ ಎಂದೆ. ಅಜ್ಜಿ ಭಾರದ ಹೆಂಗಸು, ಒಬ್ಬಳಿಂದ ಮಗ್ಗುಲು ತಿರುಗಿಸಲು ಆಗುವುದಿಲ್ಲ ಎಂದು ನನಗೂ ಗೊತ್ತಿತ್ತು. ಇವರು, "ಇಬ್ರೂ ಬೇಡ. ಹಸಿದು ಸಾಯೋಣ," ಎಂದರು.

"ನಾನು ಬರ್ತೀನಿ," ಎಂದಳು ಮಗಳು. "ಕೆಲಸಕ್ಕಾಗಿ ಹೌದು. ಆದ್ರೆ ಅದೊಂದಕ್ಕೇ ಅಲ್ಲ. ಅವರು ಅಜ್ಜಿ ಕಣಮ್ಮ. ಈ ಕಡೆ ನೋಡದೇ ಇದ್ರೂ ನನಗೆ ಅಜ್ಜಿನೇ."

ಅವಳ ಕಣ್ಣಲ್ಲಿ ಎಷ್ಟೋ ದಿನಗಳ ಮೇಲೆ ಒಂದು ಆಸೆ ಕಂಡಿತ್ತು. ಆ ಆಸೆಯ ಮುಂದೆ ನನ್ನ ಆಣೆ ಏನೂ ಅಲ್ಲವೆನಿಸಿತು. ಹೂಂ ಎಂದೆ. ಇವರು ಗೋಡೆಯ ಕಡೆ ಮುಖ ಮಾಡಿ ಕೂತುಬಿಟ್ಟರು.

ಅಜ್ಜಿಯನ್ನು ಹಿಂದಿನ ಕೋಣೆಯಲ್ಲಿ ಮಲಗಿಸಿದ್ದರು. ಸೊಸೆಯಂದಿರು ಬಿಸಿನೀರಿನ ಹಂಡೆಯನ್ನು ಹೊಸ್ತಿಲವರೆಗೆ ತಂದಿಟ್ಟು ಹಿಂದೆ ಸರಿದರು. "ನಿಮ್ಮ ಹುಡುಗಿಗೆ ಹೇಳಿಕೊಡೋದು ಬೇಡ ಬಿಡಿ, ರಕ್ತದಲ್ಲೇ ಬಂದಿರುತ್ತೆ," ಎಂದು ಹಿರಿ ಸೊಸೆ ಹೊಗಳಿದಳು. ನನ್ನ ಮಗಳಿಗೆ ಏನೂ ಬಂದಿರಲಿಲ್ಲ. ಬಟ್ಟೆಯನ್ನು ಎಷ್ಟು ಹಿಂಡಬೇಕೆಂದು ಗೊತ್ತಿರಲಿಲ್ಲ. ಅಜ್ಜಿಯ ಮುಖ ನೋಡಲಾಗದೆ ನನ್ನ ಮುಖ ನೋಡುತ್ತಿದ್ದಳು. ಏನು ಮಾಡಲಿ, ಹೇಳಿಕೊಟ್ಟೆ. ಮೊದಲು ಮುಖ, ಕಿವಿಯ ಹಿಂದೆ, ಕುತ್ತಿಗೆಯ ಮಡಿಕೆ. ಬೆರಳು ಬಿಗಿದಿದ್ದರೆ ಎಳೆಯಬಾರದು, ಬಿಸಿ ಬಟ್ಟೆಯಿಟ್ಟು ನೀವಬೇಕು. ಮಗ್ಗುಲು ತಿರುಗಿಸುವಾಗ ಭುಜಕ್ಕೊಂದು ಕೈ, ಸೊಂಟಕ್ಕೊಂದು ಕೈ. ನನ್ನಮ್ಮ ಯಾವ ಮಾತುಗಳಲ್ಲಿ ಹೇಳಿದ್ದಳೋ ಅವೇ ಮಾತುಗಳು ನನ್ನ ಬಾಯಿಂದ ಬರುತ್ತಿದ್ದವು. ಬೇರೆ ಮಾತು ನನಗೆ ಗೊತ್ತಿರಲಿಲ್ಲ. ಮಧ್ಯದಲ್ಲಿ ನಾನು ಗೋಡೆ ಹಿಡಿದು ನಿಂತೆ. ಮಗಳು ಆಗ ಅಜ್ಜಿಯ ಬಿಗಿದ ಮುಷ್ಟಿಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಮೆತ್ತಗೆ ನೀವುತ್ತಾ, ಒಂದೊಂದೇ ಬೆರಳು ಬಿಡಿಸಿದಳು. ಅವಳ ಕಣ್ಣೀರು ಅಜ್ಜಿಯ ಅಂಗೈಗೆ ಬೀಳುತ್ತಿತ್ತು. ಚೆನ್ನಾಗಿ ಮಾಡಿದಳು. ಅದನ್ನು ನೋಡಿ ನನಗೆ ಎದೆ ಬಡಿದುಕೊಳ್ಳಬೇಕೆನಿಸಿತು.

ಕೋಣೆಯ ಬಾಗಿಲು ತೆರೆದಾಗ ಹೊರಗೆ ಮಂದಿರದ ಜನವೆಲ್ಲ ಸೇರಿದ್ದರು. ಅಜ್ಜಿ ನಿದ್ದೆ ಮಾಡುವವರ ಹಾಗೆ ಕಾಣುತ್ತಿದ್ದರು. ಯಜಮಾನರು ನೋಡಿ ಬಿಕ್ಕಿ ಬಿಕ್ಕಿ ಅತ್ತರು, ನನ್ನ ಮಗಳ ಎರಡೂ ಕೈಗಳನ್ನು ತಮ್ಮ ಕಣ್ಣಿಗೆ ಒತ್ತಿಕೊಂಡರು. ನನಗೂ ಒಂದು ಗಳಿಗೆ ಎಲ್ಲ ಸರಿಹೋಯಿತೆನಿಸಿತು.

ಮಣ್ಣು ಮುಗಿಸಿ ಬಂದ ಮೇಲೆ ಮಗಳೇ ಬಾಯಿಬಿಟ್ಟು ಕೇಳಿದಳು. "ನಾಳೆಯಿಂದ ಬರ್ಲಾ ಸಾರ್?"

ಯಜಮಾನರು ಹಿರಿಯರ ಮುಖ ನೋಡಿದರು. "ನಾನು ಮಾತು ತಪ್ಪೋನಲ್ಲಮ್ಮ," ಎಂದರು. "ಆದ್ರೆ ನೀನೇ ಯೋಚನೆ ಮಾಡು. ಮೊದಲಾದ್ರೆ ಜನ ಬರೀ ಮಾತಾಡ್ತಿದ್ರು, ನೀನು ಮುಟ್ಟಿರಲಿಲ್ಲ. ಇವತ್ತು ನೀನು ಆ ಕೋಣೆಯಿಂದ ಬಂದದ್ದನ್ನ ಎಲ್ರೂ ಕಣ್ಣಾರೆ ನೋಡಿದ್ರು. ಇನ್ನು ಹಿಟ್ಟಿಗೆ ಹೇಗೆ..."

ಮಗಳು ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ನಾನು ಏನೇನೋ ಬೈದೆ. ನನ್ನ ಜೀವಮಾನದಲ್ಲಿ ಅಷ್ಟು ಬೈದಿರಲಿಲ್ಲ. ಯಾರೂ ತಿರುಗಿ ಬೈಯಲಿಲ್ಲ. ದಣಿದಿದ್ದಾಳೆ, ಪಾಪ, ನೀರು ಕೊಡಿ ಎಂದರು. ಆಗ ಹಿರಿಯರು ಮುಂದೆ ಬಂದು ನನ್ನ ಮಗಳ ತಲೆಯ ಮೇಲೆ ಕೈಯಿಟ್ಟರು. ಎಲ್ಲರೂ ತಲೆ ಬಾಗಿಸಿದರು.

ಮನೆಗೆ ಬಂದಾಗ ಇವರು ಅದೇ ಗೋಡೆಯ ಬಳಿ ಕೂತಿದ್ದರು. "ಏನಂದ್ರು?" ಎಂದು ಕೇಳಿದರು.

ಮಗಳು ಅವರ ಎದುರಿಗೆ ನೆಲದ ಮೇಲೆ ಕೂತಳು. "ಬೇಕರಿ ಇಲ್ಲಪ್ಪ," ಎಂದಳು. "ಇನ್ಮೇಲೆ ಮಂದಿರದಲ್ಲಿ ಹೆಂಗಸ್ರು ಯಾರು ತೀರಿಕೊಂಡ್ರೂ ನಾನೇ ತೊಳೀಬೇಕಂತೆ. ದೇವರೇ ನನ್ನನ್ನ ಆರಿಸ್ಕೊಂಡಿದಾನಂತೆ."

"ನೀನು ಹೂಂ ಅಂದ್ಯಾ?"

"ಅವರು ಕೇಳ್ಲೇ ಇಲ್ಲ ಅಪ್ಪ," ಎಂದಳು. "ಎಲ್ಲರೂ ಸೇರಿ ನನಗೋಸ್ಕರ ಪ್ರಾರ್ಥನೆ ಮಾಡಿದ್ರು."